ಮಗುವಿನ ಕೈಗೆಟುಕುವ ವಿಷ

ಒಂದು ಕಾಲದಲ್ಲಿ ನಮ್ಮ ಊರುಗಳ ಮಕ್ಕಳ ವೈದ್ಯರು ಬೇಸಿಗೆ ಬಂತೆಂದರೆ ಸೀಮೆಎಣ್ಣೆ ಕುಡಿದ ಮಕ್ಕಳಿಗಾಗಿ ಸಿದ್ಧರಾಗಿರಬೇಕಿತ್ತು. ರಾಜಾಜಿನಗರ, ಪ್ರಕಾಶನಗರ, ಶ್ರೀರಾಮಪುರದ ವಠಾರಗಳಲ್ಲಿ, ವಿಜಯನಗರದ ಒಂದು ಕೋಣೆಯ ಬಾಡಿಗೆ ಮನೆಗಳಲ್ಲಿ ಪಂಪ್ ಸ್ಟೌ, ಬತ್ತಿ ಸ್ಟೌಗಳು ನೆಲದ ಮೇಲೆಯೇ ಇರುತ್ತಿದ್ದವು. ಅವುಗಳ ಪಕ್ಕದಲ್ಲೇ ಸೀಮೆಎಣ್ಣೆಯ ಬಾಟಲಿ. ಅದು ಹೆಚ್ಚಾಗಿ ಖಾಲಿಯಾದ ಶರಬತ್ತಿನ ಬಾಟಲಿಯೋ ಸೋಡಾ ಬಾಟಲಿಯೋ ಆಗಿರುತ್ತಿತ್ತು. ಕಲಬೆರಕೆ ತಡೆಯಲೆಂದು ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆಗೆ ನೀಲಿ ಬಣ್ಣ ಸೇರಿಸುತ್ತಿದ್ದರು. ಹೊರಗೆ ಕೊಂಡದ್ದು ನೀರಿನಷ್ಟೇ ತಿಳಿ. ಬಾಯಾರಿದ ಎರಡು ವರ್ಷದ ಮಗುವಿಗೆ ಆ ಬಾಟಲಿ ಕುಡಿಯುವ ಬಾಟಲಿಯೇ. ಒಂದು ಗುಟುಕಿಗೆ ಮಗು ಕೆಮ್ಮಿ ಉಸಿರು ಕಟ್ಟಿಕೊಳ್ಳುತ್ತಿತ್ತು. ಸೀಮೆಎಣ್ಣೆ ಬಹಳ ತೆಳುವಾದ ದ್ರವ. ಹೊಟ್ಟೆಗೆ ಇಳಿದದ್ದು ಮಾಡುವ ಕೇಡಿಗಿಂತ, ನುಂಗುವಾಗ ಶ್ವಾಸನಾಳಕ್ಕೆ ಜಾರಿದ ಕೆಲವೇ ಹನಿಗಳು ಶ್ವಾಸಕೋಶವನ್ನು ಸುಟ್ಟು ನ್ಯುಮೋನಿಯಾ ತರುವ ಕೇಡು ದೊಡ್ಡದು. ಇಂದು ಬೆಂಗಳೂರಿನಲ್ಲಿ ಅಂಥ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವ ತಾಯಂದಿರು ಅಪರೂಪವಾಗುತ್ತಿದ್ದಾರೆ. ಇದು ಹೇಗಾಯಿತು ಎಂದು ನಾವು ಯಾರೂ ಹೆಚ್ಚು ಯೋಚಿಸಿಲ್ಲ. ಇಂದಿನ ತಾಯಂದಿರು ಅಂದಿನವರಿಗಿಂತ ಹೆಚ್ಚು ಜಾಗ್ರತೆಯವರು ಎಂದು ಹೇಳುವುದು ಅಂದಿನವರಿಗೆ ಮಾಡುವ ಅನ್ಯಾಯ. ಆದದ್ದು ಇಷ್ಟೇ: ಮನೆಗೆ ಗ್ಯಾಸ್ ಬಂತು, ಸೀಮೆಎಣ್ಣೆ ಮನೆಯಿಂದ ಹೊರಬಿತ್ತು. ವಸ್ತು ಹೋಯಿತು, ಅದರೊಂದಿಗೆ ಅಪಾಯವೂ ಹೋಯಿತು. ನಾನು ಇಂದು ಹೇಳಬೇಕೆಂದಿರುವ ಮಾತು ಇದರಿಂದಲೇ ಹುಟ್ಟುತ್ತದೆ. ಮನೆಯೊಳಗಿನ ವಿಷದಿಂದ ಮಕ್ಕಳನ್ನು ಕಾಯುವುದು ದೊಡ್ಡವರ ಕಣ್ಗಾವಲಿನಿಂದ ಆಗುವ ಕೆಲಸವಲ್ಲ. ಆ ವಸ್ತು ಎಷ್ಟಿದೆ, ಯಾವ ಬಾಟಲಿಯಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂಬ ಏರ್ಪಾಡಿನಿಂದ ಆಗುವ ಕೆಲಸ.

ಇಂಥ ದುರಂತ ನಡೆದ ಮನೆಗೆ ಹೋದವರೆಲ್ಲ ಕೇಳುವ ಮೊದಲ ಪ್ರಶ್ನೆ, "ಆಗ ನೀನೆಲ್ಲಿದ್ದೆಯಮ್ಮಾ?" ಕೇಳುವವರು ಅತ್ತೆಯಿರಬಹುದು, ಪಕ್ಕದ ಮನೆಯವರಿರಬಹುದು, ಕೆಲವೊಮ್ಮೆ ಆಸ್ಪತ್ರೆಯ ಸಿಬ್ಬಂದಿಯೇ ಇರಬಹುದು. ಆ ಪ್ರಶ್ನೆಯಲ್ಲಿ ಕ್ರೌರ್ಯವಿದೆ, ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಇದೆ. ತಾಯಿ ಅಲ್ಲೇ ಇರುತ್ತಾಳೆ. ಈ ಅವಘಡಗಳನ್ನು ಅಧ್ಯಯನ ಮಾಡಿದವರು ಮತ್ತೆ ಮತ್ತೆ ಕಂಡುಕೊಂಡ ಸಂಗತಿಯೆಂದರೆ, ಅವುಗಳಲ್ಲಿ ಬಹಳಷ್ಟು ನಡೆಯುವುದು ದೊಡ್ಡವರು ಮನೆಯಲ್ಲೇ ಇರುವಾಗ, ಆ ವಸ್ತು ಬಳಕೆಯಲ್ಲಿರುವಾಗ ಅಥವಾ ಬಳಸಿ ಇನ್ನೂ ಒಳಗಿಡದಿರುವಾಗ. ಬೆಳಿಗ್ಗೆ ಮನೆ ಒರೆಸುವ ಹೊತ್ತನ್ನೇ ನೋಡಿ. ಬಕೆಟ್ಟಿಗೆ ಒಂದು ಮುಚ್ಚಳ ಫಿನಾಯಿಲ್ ಸುರಿದಾಗಿದೆ, ಬಾಟಲಿ ನೆಲದ ಮೇಲಿದೆ, ಮುಚ್ಚಳ ಸಡಿಲವಾಗಿದೆ. ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಇಲ್ಲವೇ ಬಾಗಿಲಲ್ಲಿ ಹಾಲಿನವರು ಕರೆಯುತ್ತಾರೆ. ಒಂದೂವರೆ ವರ್ಷದ ಮಗು ನಡುಮನೆಯಿಂದ ಬಚ್ಚಲ ಬಾಗಿಲಿಗೆ ಬರಲು ಅರ್ಧ ನಿಮಿಷ ಸಾಕು. ಹಗಲು ಹನ್ನೆರಡು ತಾಸು, ಒಂದು ಕ್ಷಣವೂ ತಪ್ಪದೆ, ಓಡಾಡುವ ಜೀವವೊಂದರ ಮೇಲೆ ಕಣ್ಣಿಟ್ಟಿರಲು ಯಾವ ಮನುಷ್ಯರಿಂದಲೂ ಆಗದು. ಆಗದ್ದನ್ನು ತಾಯಿಯ ಕರ್ತವ್ಯವೆಂದು ಹೊರಿಸಿ, ಆಗಬಹುದಾದ ಕೆಲಸಗಳನ್ನು ಬಿಟ್ಟುಬಿಟ್ಟಿದ್ದೇವೆ.

ಮಗುವಿನ ಕಡೆಯಿಂದಲೂ ಯೋಚಿಸಬೇಕು. ಒಂದರಿಂದ ಮೂರು ವರ್ಷದ ಮಗು ಲೋಕವನ್ನು ತಿಳಿಯುವುದು ಬಾಯಿಯಿಂದ. ಕೈಗೆ ಸಿಕ್ಕಿದ್ದು ಬಾಯಿಗೆ ಹೋಗುವುದು ತುಂಟತನವಲ್ಲ, ಬೆಳವಣಿಗೆಯ ರೀತಿ. ಕಹಿ, ಖಾರ, ವಾಸನೆಗಳು ದೊಡ್ಡವರನ್ನು ತಡೆಯುವಂತೆ ಈ ವಯಸ್ಸಿನ ಮಕ್ಕಳನ್ನು ತಡೆಯುವುದಿಲ್ಲ. ತಡೆದರೂ ಮೊದಲ ಗುಟುಕು ಆಗಲೇ ಒಳಗಿಳಿದಿರುತ್ತದೆ. ಮನೆಯವರು ಏನು ಮಾಡುತ್ತಾರೋ ಅದನ್ನೇ ಮಾಡಬೇಕೆಂಬ ಹಟ ಬೇರೆ. ತಾತ ದಿನವೂ ಬೆಳಿಗ್ಗೆ ಡಬ್ಬಿಯಿಂದ ಮಾತ್ರೆ ತೆಗೆದು ಬಾಯಿಗೆ ಹಾಕಿಕೊಳ್ಳುವುದನ್ನು ಮೊಮ್ಮಗು ನೋಡುತ್ತಲೇ ಇರುತ್ತದೆ. ಇನ್ನು ತೂಕದ ಲೆಕ್ಕ. ಅರವತ್ತು ಕಿಲೋ ತೂಗುವವರಿಗೆ ಅಳತೆ ಮಾಡಿದ ಔಷಧಿ ಹತ್ತು ಕಿಲೋದ ಮೈಗೆ ಆರು ಪಟ್ಟು. ಈ ಕಾರಣಗಳೆಲ್ಲ ಸೇರಿ ಜಗತ್ತಿನಲ್ಲಿ ಎಷ್ಟು ದೊಡ್ಡ ನಷ್ಟವಾಗುತ್ತಿದೆ ಎಂಬುದಕ್ಕೆ ಒಂದು ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2008ರಲ್ಲಿ ಹೊರತಂದ ಮಕ್ಕಳ ಅಪಘಾತಗಳ ವರದಿಯ ಪ್ರಕಾರ, 2004ರ ಒಂದೇ ವರ್ಷದಲ್ಲಿ ಇಪ್ಪತ್ತರೊಳಗಿನ 45,000ಕ್ಕೂ ಹೆಚ್ಚು ಮಂದಿ ಆಕಸ್ಮಿಕ ವಿಷಪ್ರಾಶನದಿಂದ ಸತ್ತರು. ನಮ್ಮಂಥ ದೇಶಗಳಲ್ಲಿ ಈ ಸಾವಿನ ಪ್ರಮಾಣ ಶ್ರೀಮಂತ ದೇಶಗಳ ನಾಲ್ಕು ಪಟ್ಟು. ಆ ದೇಶಗಳ ಮಕ್ಕಳು ನಮ್ಮ ಮಕ್ಕಳಿಗಿಂತ ಕಡಿಮೆ ಚುರುಕಲ್ಲ, ಅಲ್ಲಿನ ತಾಯಂದಿರಿಗೆ ನಾಲ್ಕು ಕಣ್ಣುಗಳೂ ಇಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ.

ಎಲ್ಲಿ ಎಂಬುದಕ್ಕೆ ಮೂರು ನಿದರ್ಶನ ಕೊಡುತ್ತೇನೆ. ಕೆನಡಾದ ವಿಂಡ್ಸರ್ ಎಂಬ ಊರಿನಲ್ಲಿ ಹೆನ್ರಿ ಬ್ರೋ ಎಂಬ ಮಕ್ಕಳ ವೈದ್ಯರಿದ್ದರು. ಮಾತ್ರೆ ನುಂಗಿ ಬರುವ ಮಕ್ಕಳಿಗೆ ಚಿಕಿತ್ಸೆ ಕೊಡುತ್ತಲೇ, ತಾಯಂದಿರಿಗೆ ತಿಳಿಹೇಳುತ್ತಲೇ ವರ್ಷಗಳು ಕಳೆದರೂ ಬರುವ ಮಕ್ಕಳ ಸಂಖ್ಯೆ ತಗ್ಗಲಿಲ್ಲ. ಕೊನೆಗೆ ಅವರು ಬುದ್ಧಿವಾದ ಬಿಟ್ಟು ಮುಚ್ಚಳದ ಕಡೆ ತಿರುಗಿದರು. ಅಂಗೈಯಿಂದ ಕೆಳಕ್ಕೆ ಒತ್ತಿ, ಒತ್ತಿದಂತೆಯೇ ತಿರುಗಿಸಿದರೆ ಮಾತ್ರ ಬಿಚ್ಚಿಕೊಳ್ಳುವ ಮುಚ್ಚಳ 1967ರಲ್ಲಿ ಬಳಕೆಗೆ ಬಂತು. ಎರಡು ಕೆಲಸವನ್ನು ಒಟ್ಟಿಗೆ ಮಾಡುವ ಕೈಚಳಕ ಚಿಕ್ಕ ಮಕ್ಕಳಿಗೆ ಇರುವುದಿಲ್ಲ ಎಂಬುದೇ ಅದರ ಗುಟ್ಟು. ಆ ಪ್ರದೇಶದಲ್ಲಿ ಮಕ್ಕಳು ಔಷಧಿ ನುಂಗುವ ಪ್ರಕರಣಗಳು ಶೇಕಡ 91ರಷ್ಟು ಇಳಿದವು. ಅಮೆರಿಕ 1970ರಲ್ಲಿ ಇದನ್ನೇ ಕಾನೂನು ಮಾಡಿತು. ಅದರ ಫಲವನ್ನು ಅಳೆದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು, ವೈದ್ಯರು ಬರೆದುಕೊಡುವ ಮಾತ್ರೆಗಳಿಂದ ಐದು ವರ್ಷದೊಳಗಿನ ಮಕ್ಕಳು ಸಾಯುವ ಪ್ರಮಾಣ ಕಾನೂನು ಇಲ್ಲದಿದ್ದರೆ ಇರಬಹುದಾಗಿದ್ದಕ್ಕಿಂತ ಶೇಕಡ 45ರಷ್ಟು ಕಡಿಮೆಯಾಯಿತೆಂದು ಹೇಳಿತು. ಇವೆರಡೂ ಸಿರಿವಂತ ದೇಶಗಳ ಮಾತು ಎನ್ನುವವರಿಗೆ ಮೂರನೆಯ ನಿದರ್ಶನ ದಕ್ಷಿಣ ಆಫ್ರಿಕಾದ ಬಡ ಹಳ್ಳಿಗಳದ್ದು. ಅಲ್ಲಿ ಸೀಮೆಎಣ್ಣೆಯೇ ಒಲೆ, ಸೀಮೆಎಣ್ಣೆಯೇ ದೀಪ. ಸಂಶೋಧಕರು ಒಂದು ಪ್ರದೇಶದ ಮನೆಮನೆಗೆ ಮಕ್ಕಳು ಬಿಚ್ಚಲಾರದ ಮುಚ್ಚಳದ ಡಬ್ಬಿಗಳನ್ನು ಹಂಚಿದರು. ಮಕ್ಕಳು ಸೀಮೆಎಣ್ಣೆ ಕುಡಿಯುವ ಪ್ರಕರಣಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. 1994ರಲ್ಲಿ ಪ್ರಕಟವಾದ ಫಲಿತಾಂಶ ಇದು. ಮನೆ ಅದೇ, ಬಡತನ ಅದೇ, ತಾಯಿಯೂ ಅವಳೇ. ಬದಲಾದದ್ದು ಡಬ್ಬಿ.

ಈಗ ನಮ್ಮ ಪಶ್ಚಿಮ ಬೆಂಗಳೂರಿಗೆ ಬರೋಣ. ಸೀಮೆಎಣ್ಣೆ ಹೋದ ಜಾಗ ಖಾಲಿ ಉಳಿಯಲಿಲ್ಲ. ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಾಗಲಿ, ಕೆಂಗೇರಿ ಉಪನಗರದ ಬಡಾವಣೆಗಳಲ್ಲಾಗಲಿ ಫಿನಾಯಿಲ್, ಆಸಿಡ್, ಬ್ಲೀಚಿಂಗ್ ಪೌಡರ್ ಎಂದು ಕೂಗುತ್ತ ಗಾಡಿಯಲ್ಲಿ ಬರುವವರನ್ನು ನೀವೆಲ್ಲ ಕಂಡಿದ್ದೀರಿ. ಅವರ ಗಾಡಿಯ ಬಾಟಲಿಗಳನ್ನು ಹತ್ತಿರದಿಂದ ನೋಡಿ. ಒಂದು ಲೀಟರಿನ ಕುಡಿಯುವ ನೀರಿನ ಬಾಟಲಿ. ಕಂಪನಿಯ ಚೀಟಿ ಅರ್ಧ ಹರಿದು ಅಂಟಿಕೊಂಡಿದೆ. ಒಳಗೆ ನಿಂಬೆ ಶರಬತ್ತಿನ ಹಳದಿ ಬಣ್ಣದ, ಗುಲಾಬಿ ಬಣ್ಣದ, ತಿಳಿ ಹಸಿರು ಬಣ್ಣದ ನೆಲ ಒರೆಸುವ ದ್ರವ. ಪಕ್ಕದಲ್ಲೇ ಅಂಥದೇ ಬಾಟಲಿಯಲ್ಲಿ ಶೌಚಾಲಯ ತೊಳೆಯುವ ಆಸಿಡ್, ನೋಡಲು ನೀರೇ. ಮುಚ್ಚಳ ನೀರಿನ ಬಾಟಲಿಯ ಮುಚ್ಚಳ, ಮೂರು ವರ್ಷದ ಮಗು ಹಲ್ಲಿನಿಂದಲಾದರೂ ತೆಗೆಯಬಲ್ಲದು. ಒಳಗಿರುವುದು ಏನು, ಎಷ್ಟು ತೀವ್ರ ಎಂದು ಬರೆದ ಒಂದಕ್ಷರವೂ ಅದರ ಮೇಲಿಲ್ಲ. ಮಗು ಅದನ್ನು ಕುಡಿದರೆ ವೈದ್ಯರು ಊಹೆಯ ಮೇಲೆ ಚಿಕಿತ್ಸೆ ಮಾಡಬೇಕು. ಆಸಿಡ್ ಮತ್ತು ಕಟ್ಟಿದ ಪೈಪು ಬಿಡಿಸುವ ಕಾಸ್ಟಿಕ್ ಪುಡಿ ಮಾಡುವ ಗಾಯ ಮಾತ್ರ ಊಹೆಗೆ ಬಿಟ್ಟದ್ದಲ್ಲ. ಬಾಯಿಂದ ಹೊಟ್ಟೆಯವರೆಗೆ ಅನ್ನನಾಳ ಸುಡುತ್ತದೆ. ಬದುಕಿ ಉಳಿದ ಮಗುವಿನ ಅನ್ನನಾಳ ಮಾಯುವಾಗ ಗಂಟುಕಟ್ಟಿ ಕಿರಿದಾಗುತ್ತದೆ. ಆಮೇಲೆ ಅನ್ನ ಇಳಿಯುವುದಕ್ಕಾಗಿ ಅದನ್ನು ಮತ್ತೆ ಮತ್ತೆ ಹಿಗ್ಗಿಸುವ ಚಿಕಿತ್ಸೆ, ಕೆಲವರಿಗೆ ವರ್ಷಗಟ್ಟಲೆ.

ಗಾಡಿಯವರ ಹೊಟ್ಟೆಪಾಡಿಗೆ ಕಲ್ಲು ಹಾಕಬಾರದು, ಬಡವರು ದುಬಾರಿ ಬ್ರ್ಯಾಂಡ್ ಕೊಳ್ಳಲಾರರು ಎಂಬ ಮಾತು ಇಲ್ಲಿ ಬರುತ್ತದೆ. ಅದು ನ್ಯಾಯವಾದ ಮಾತೇ. ಆದರೆ ಮಾರಾಟ ನಿಲ್ಲಿಸಿ ಎಂದು ಯಾರೂ ಕೇಳುತ್ತಿಲ್ಲ. ಕುಡಿಯುವ ನೀರಿನ ಬಾಟಲಿಯಲ್ಲಿ ಮಾರಬೇಡಿ ಎಂಬುದಷ್ಟೇ ಬೇಡಿಕೆ. ಅಗಲ ಬಾಯಿಯ, ಒಳಗಿನದು ಕಾಣದ ದಪ್ಪ ಕ್ಯಾನು, ಒತ್ತಿ ತಿರುಗಿಸುವ ಮುಚ್ಚಳ, ಕನ್ನಡದಲ್ಲಿ ಹೆಸರು ಮತ್ತು "ಕುಡಿಯಬಾರದು" ಎಂಬ ಎಚ್ಚರಿಕೆ. ಅದೇ ಕ್ಯಾನನ್ನು ಮನೆಯವರು ತಂದು ಮತ್ತೆ ತುಂಬಿಸಿಕೊಂಡರೆ ಖರ್ಚು ಒಮ್ಮೆ ಮಾತ್ರ. ಈಗಾಗಲೇ ಕೆಲವು ಕಂಪನಿಗಳ ಶೌಚಾಲಯ ಕ್ಲೀನರ್‌ಗಳಿಗೆ ಬದಿಗಳನ್ನು ಒತ್ತಿ ತಿರುಗಿಸುವ ಮುಚ್ಚಳ ಇರುವುದನ್ನು ನೀವು ನೋಡಿದ್ದೀರಿ. ಅದು ನಮ್ಮ ದೇಶದಲ್ಲಿ ಮಾಡಲಾಗದ ವಸ್ತುವೇನಲ್ಲ. 2025ರ ಸೆಪ್ಟೆಂಬರಿನಲ್ಲಿ ರೂಪುಗೊಂಡ ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಈ ಕೆಲಸವನ್ನು ತನ್ನ ವ್ಯಾಪ್ತಿಯಲ್ಲಿ ಶುರು ಮಾಡಬಹುದು. ಸುಪ್ರೀಂ ಕೋರ್ಟು 2013ರಲ್ಲಿ ಆಸಿಡ್ ಮಾರಾಟಕ್ಕೆ ಕಟ್ಟುಪಾಡು ಹಾಕಿದ್ದು ಆಸಿಡ್ ದಾಳಿಗಳ ಹಿನ್ನೆಲೆಯಲ್ಲಿ. ಅದೇ ಬಾಟಲಿ ಮನೆಯ ಬಚ್ಚಲಲ್ಲಿ ಮಗುವಿಗೂ ಕಾದು ಕೂತಿದೆ ಎಂಬುದು ಆಡಳಿತದ ಗಮನಕ್ಕೆ ಬರಬೇಕು.

ಬಾಟಲಿ ಬದಲಾಯಿಸುವ ಅಭ್ಯಾಸ ನಮ್ಮಲ್ಲೂ ಇದೆ ಎಂಬುದನ್ನು ಮರೆಯುವಂತಿಲ್ಲ. ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ರಾಜಾಜಿನಗರ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಕೆಳಗೆ ವರ್ಕ್‌ಶಾಪ್, ಮೇಲೆ ಮನೆ ಇರುವ ಕಟ್ಟಡಗಳು ಎಷ್ಟೋ ಇವೆ. ಥಿನ್ನರ್, ಟರ್ಪೆಂಟೈನ್, ಲೋಹ ತೊಳೆಯುವ ಆಸಿಡ್ ಅಲ್ಲಿಂದ ಸ್ವಲ್ಪ ಸ್ವಲ್ಪವೇ ಮನೆಗೂ ಬರುತ್ತವೆ, ಬರುವುದು ಕೈಗೆ ಸಿಕ್ಕಿದ ಬಾಟಲಿಯಲ್ಲಿ. ಕೆಂಗೇರಿಯ ಆಚೆಗೆ ಇನ್ನೂ ಹೊಲ ತೋಟಗಳಿರುವ ಮನೆಗಳಲ್ಲಿ ಕೀಟನಾಶಕದ ಉಳಿಕೆ, ನಗರದ ತಾರಸಿ ತೋಟಗಳಲ್ಲಿ ಗಿಡಕ್ಕೆ ಹೊಡೆಯುವ ಔಷಧಿ, ಇವುಗಳದ್ದೂ ಅದೇ ಕಥೆ. ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರಬೇಕೆಂದು 1971ರ ನಿಯಮಗಳು ಹೇಳುತ್ತವೆ. ಕೆಂಪು ಅತ್ಯಂತ ಘೋರ ವಿಷ, ಹಸಿರು ಎಲ್ಲಕ್ಕಿಂತ ಕಡಿಮೆ. ಬೇರೆ ಬಾಟಲಿಗೆ ಸುರಿದ ಕ್ಷಣ ಆ ಗುರುತು ಹೋಯಿತು, ಅದರೊಂದಿಗೆ ವೈದ್ಯರಿಗೆ ಬೇಕಾದ ಮಾಹಿತಿಯೂ ಹೋಯಿತು. ಆದ್ದರಿಂದ ಯಾವ ವಸ್ತು ಯಾವ ಡಬ್ಬಿಯಲ್ಲಿ ಬಂತೋ ಅದೇ ಡಬ್ಬಿಯಲ್ಲಿ ಇರಲಿ. ತಿಂಡಿ, ನೀರು, ತಂಪು ಪಾನೀಯದ ಬಾಟಲಿಯಲ್ಲಂತೂ ತಿನ್ನಬಾರದ್ದು ಯಾವುದೂ ಒಂದು ನಿಮಿಷಕ್ಕೂ ಬೇಡ.

ಮಾತ್ರೆಗಳ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಔಷಧಿಯನ್ನು ಯಾರೂ ವಿಷವೆಂದು ಭಾವಿಸುವುದಿಲ್ಲ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಕೆಂಪು ಕಬ್ಬಿಣದ ಮಾತ್ರೆಯನ್ನು ತೆಗೆದುಕೊಳ್ಳಿ. ದಿನಕ್ಕೊಂದರಂತೆ ಬಸಿರಿನಲ್ಲಿ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ತಾಯಂದಿರ ಜೀವ ಉಳಿಸುವ ಒಳ್ಳೆಯ ಯೋಜನೆ ಇದು, ಯಾರೂ ಮಾತ್ರೆ ಬಿಡಬಾರದು. ಆದರೆ ಲೆಕ್ಕ ನೋಡಿ. ಒಂದೊಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ. ದೇಹದ ತೂಕದ ಕಿಲೋಗೆ 20 ಮಿಲಿಗ್ರಾಂ ದಾಟಿದರೆ ಹೊಟ್ಟೆಯಲ್ಲಿ ಬಾಧೆ ಶುರು, 60 ದಾಟಿದರೆ ಪ್ರಾಣಾಪಾಯ. ಹತ್ತು ಕಿಲೋದ ಮಗುವಿಗೆ ಮೂರು ನಾಲ್ಕು ಮಾತ್ರೆ ಮೊದಲ ಗೆರೆ, ಹತ್ತು ಮಾತ್ರೆ ಎರಡನೆಯ ಗೆರೆ. ಆ ಮಾತ್ರೆಯ ಮೇಲೆ ಸಕ್ಕರೆಯ ಲೇಪ, ಬಣ್ಣ ಕೆಂಪು. ಅದು ಯಾವ ಮನೆಯಲ್ಲಿರುತ್ತದೆ? ಬಸುರಿ ಬಾಣಂತಿಯರಿರುವ ಮನೆಯಲ್ಲಿ, ಅಂದರೆ ಎಷ್ಟೋ ಸಲ ಒಂದೂವರೆ ಎರಡು ವರ್ಷದ ಮೊದಲ ಮಗು ಓಡಾಡುವ ಮನೆಯಲ್ಲೇ. ಕಬ್ಬಿಣದ ವಿಷಕ್ಕೆ ಇನ್ನೊಂದು ಮೋಸವಿದೆ. ಮೊದಲು ವಾಂತಿ ಭೇದಿ, ಆಮೇಲೆ ಕೆಲವು ತಾಸು ಮಗು ಚೇತರಿಸಿಕೊಂಡಂತೆಯೇ ಕಾಣುತ್ತದೆ. ಸದ್ಯ ಪಾರಾದೆವು ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೆ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಹಳದಿ ರಂಜಕ ಸೇರಿದ ಇಲಿ ಪಾಷಾಣದ್ದೂ ಇಂಥದೇ ವಂಚನೆ: ಒಂದೆರಡು ದಿನ ಏನೂ ಇಲ್ಲದಂತಿದ್ದು ಆಮೇಲೆ ಕಾಮಾಲೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಲ್ಲಿ ಒಂದೇ ಒಂದು ಮಾತ್ರೆ ಪುಟ್ಟ ಮಗುವಿನ ರಕ್ತದ ಸಕ್ಕರೆಯನ್ನು ಪ್ರಜ್ಞೆ ತಪ್ಪುವಷ್ಟು ಇಳಿಸಬಲ್ಲದು, ಅದೂ ಕೆಲವೊಮ್ಮೆ ಗಂಟೆಗಳು ಕಳೆದ ಮೇಲೆ. ಬಿ.ಪಿ.ಯ ಕೆಲವು ಮಾತ್ರೆಗಳೂ ಹಾಗೆಯೇ. ಮಗು ಚೆನ್ನಾಗಿಯೇ ಇದೆಯಲ್ಲ ಎಂದು ಮನೆಯಲ್ಲಿ ಕಾಯುವುದು ಅದಕ್ಕೇ ತಪ್ಪು.

ನಮ್ಮಲ್ಲಿ ಒಂದು ಅನುಕೂಲವಿದೆ, ಅದನ್ನು ನಾವೇ ಕೆಡಿಸಿಕೊಳ್ಳುತ್ತೇವೆ. ಅಮೆರಿಕದಲ್ಲಿ ಮಾತ್ರೆ ಬಿಡಿಬಿಡಿಯಾಗಿ ಬಾಟಲಿಯಲ್ಲಿ ಬರುವುದು ವಾಡಿಕೆ, ನಮ್ಮಲ್ಲಿ ಹೆಚ್ಚಿನವು ಸ್ಟ್ರಿಪ್‌ನಲ್ಲಿ ಬರುತ್ತವೆ. ಒಂದೊಂದನ್ನೂ ಒತ್ತಿ ತೆಗೆಯಬೇಕು. ಮಗು ಒಂದೆರಡು ತೆಗೆಯುವಷ್ಟರಲ್ಲಿ ಯಾರಾದರೂ ನೋಡಿಯಾರು. ಆದರೆ ಮರೆತುಹೋಗದಿರಲೆಂದು ವಾರದ ಮಾತ್ರೆಗಳನ್ನೆಲ್ಲ ಬಿಡಿಸಿ ಸೋಮವಾರ ಮಂಗಳವಾರ ಎಂದು ಖಾನೆಯಿರುವ ಪ್ಲಾಸ್ಟಿಕ್ ಡಬ್ಬಿಗೆ ಹಾಕುತ್ತೇವೆ. ಥೈರಾಯಿಡ್ ಮಾತ್ರೆಯಂಥವು ನೂರರ ಸೀಸೆಯಲ್ಲೇ ಬರುತ್ತವೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಳ್ಳಬೇಕಲ್ಲ ಎಂದು ಅದು ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ. ಊರಿನಿಂದ ಬಂದ ಅಜ್ಜಿಯ ಕೈಚೀಲ ಹಾಲಿನ ಸೋಫಾದ ಮೇಲೆ, ಅದರೊಳಗೆ ಅವರ ಎಲ್ಲ ಔಷಧಿ. ಇದರ ಮೇಲೆ, ಮಗು ಸಿರಪ್ ಕುಡಿಯಲೆಂದು "ಚಾಕ್ಲೇಟ್ ಕಣೋ, ಕುಡಿ" ಎಂದು ಪುಸಲಾಯಿಸುತ್ತೇವೆ. ಹೀಗೆ ಹೇಳಿಕೊಟ್ಟ ಮಗು ನಾಳೆ ಇಡೀ ಬಾಟಲಿಯನ್ನು ಚಾಕ್ಲೇಟೆಂದೇ ನಂಬಿದರೆ ತಪ್ಪು ಅದರದ್ದಲ್ಲ. ಔಷಧಿಯನ್ನು ಔಷಧಿ ಎಂದೇ ಕರೆಯೋಣ. ಮರೆವಿನ ಹಿರಿಯರಿಗೆ ಖಾನೆ ಡಬ್ಬಿ ಬೇಕೇ ಬೇಕಾದರೆ ಇರಲಿ, ಆದರೆ ಅದು ಬೀರುವಿನ ಮೇಲಿನ ಅರೆಯಲ್ಲಿ ಬೀಗದೊಳಗೆ ಇರಲಿ. ಒತ್ತಿ ತಿರುಗಿಸುವ ಮುಚ್ಚಳವನ್ನು ಕೀಲುನೋವು ಬೆರಳುನೋವಿನ ಮುದುಕರು ತೆಗೆಯುವುದು ಹೇಗೆ ಎಂಬ ಆಕ್ಷೇಪವೂ ಇದೆ, ಅದು ನಿಜವಾದ ಕಷ್ಟ. ಅಮೆರಿಕದಲ್ಲೂ ಇದೇ ಕಾರಣಕ್ಕೆ ಎಷ್ಟೋ ಹಿರಿಯರು ಮುಚ್ಚಳ ತೆಗೆದೇ ಇಡುತ್ತಿದ್ದರು. 1995ರಲ್ಲಿ ಅಲ್ಲಿ ನಿಯಮ ತಿದ್ದಿ, ಐವತ್ತರಿಂದ ಎಪ್ಪತ್ತು ವರ್ಷದವರ ಕೈಯಲ್ಲಿ ಪರೀಕ್ಷೆ ಮಾಡಿಸಿ, ಅವರು ಸುಲಭವಾಗಿ ತೆಗೆಯಬಲ್ಲ, ಮಕ್ಕಳು ತೆಗೆಯಲಾರದ ಮುಚ್ಚಳವೇ ಆಗಬೇಕೆಂದು ವಿಧಿಸಿದರು. ಆಕ್ಷೇಪಕ್ಕೆ ಉತ್ತರ ಒಳ್ಳೆಯ ಮುಚ್ಚಳವೇ ಹೊರತು ಮುಚ್ಚಳವಿಲ್ಲದಿರುವುದಲ್ಲ.

ಇನ್ನೊಂದು ವಸ್ತುವಿನ ಬಗ್ಗೆ ಹೇಳುವುದು ಸುಲಭವಲ್ಲ, ಏಕೆಂದರೆ ಅದು ದೇವರ ಮನೆಯದ್ದು. ಆರತಿಯ ಕರ್ಪೂರ ಮಕ್ಕಳಿಗೆ ಬಹು ಬೇಗ ಏರುವ ವಿಷ. ಒಂದು ಗ್ರಾಂ ಆಸುಪಾಸಿನ ಕರ್ಪೂರ ನುಂಗಿ ಪುಟ್ಟ ಮಕ್ಕಳು ಸತ್ತ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ನುಂಗಿದ ಅರ್ಧ ಗಂಟೆಯೊಳಗೇ, ಕೆಲವೊಮ್ಮೆ ಐದು ಹತ್ತು ನಿಮಿಷದಲ್ಲೇ, ಫಿಟ್ಸ್ ಬರಬಹುದು. ಬಿಳಿಯ, ಚೌಕದ, ಕಲ್ಲುಸಕ್ಕರೆಯನ್ನು ಹೋಲುವ ಬಿಲ್ಲೆಗಳು. ಆ ಕಲ್ಲುಸಕ್ಕರೆಯೂ ಅದೇ ದೇವರ ಮುಂದೆ ಪಕ್ಕದ ಬಟ್ಟಲಲ್ಲಿ ನೈವೇದ್ಯಕ್ಕಿರುತ್ತದೆ, ಅದನ್ನು ನಾವೇ ಮಗುವಿನ ಕೈಗೆ ಕೊಡುತ್ತೇವೆ! ಮೂವತ್ತು ನಲವತ್ತರ ಸೈಟಿನ ಮನೆಗಳಲ್ಲಿ ದೇವರ ಮಂಟಪ ನೆಲಕ್ಕೆ ಹತ್ತಿರ, ನಾವು ಕೂತು ಪೂಜೆ ಮಾಡುವ ಎತ್ತರದಲ್ಲಿ. ಅದು ಮಗುವಿನ ಕಣ್ಣೆತ್ತರವೂ ಹೌದು. ಶೀತಕ್ಕೆಂದು ಎದೆಗೆ ಹಚ್ಚುವ ನೀಲಗಿರಿ ಎಣ್ಣೆಯೂ ಹೊಟ್ಟೆಗೆ ಹೋದರೆ ಒಂದು ಚಮಚಕ್ಕೇ ಮಗುವನ್ನು ಮಂಪರಿಗೆ, ಫಿಟ್ಸಿಗೆ ತಳ್ಳಬಹುದು. ತಲೆತಲಾಂತರದಿಂದ ಮನೆಯಲ್ಲಿದ್ದ ವಸ್ತು, ನಮ್ಮ ಹಿರಿಯರಿಗೆ ಏನಾಯಿತು ಎಂದು ಕೇಳುವವರಿದ್ದಾರೆ. ಹಿರಿಯರ ಕಾಲದಲ್ಲಿ ತೀರಿಕೊಂಡ ಮಕ್ಕಳ ಸಾವಿನ ಕಾರಣ ಬರೆದಿಟ್ಟವರು ಕಡಿಮೆ. ಫಿಟ್ಸ್ ಬಂದು ಹೋಯಿತು, ದೃಷ್ಟಿಯಾಯಿತು ಎಂದಷ್ಟೇ ಹೇಳಿದ ಸಾವುಗಳಲ್ಲಿ ಇಂಥವು ಎಷ್ಟಿದ್ದವೋ ಈಗ ತಿಳಿಯುವಂತಿಲ್ಲ. ಪೂಜೆಗೆ ಯಾರ ಅಡ್ಡಿಯೂ ಇಲ್ಲ. ಕರ್ಪೂರದ ಡಬ್ಬಿ ಮಂಟಪದ ಮುಂದೆ ಇರುವ ಬದಲು ಮೇಲಿನ ಗೂಡಿನಲ್ಲಿದ್ದರೆ ಯಾವ ದೇವರೂ ಮುನಿಯುವುದಿಲ್ಲ. ಬಟ್ಟೆಯ ನಡುವಿನ ನುಸಿಗುಳಿಗೆಗೂ, ಗೋಡೆಯ ಬುಡದ ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ಲಿಕ್ವಿಡ್ಡಿಗೂ ಇದೇ ಮಾತು. ಪ್ಲಗ್ಗಿನಲ್ಲಿ ಸಿಕ್ಕಿಕೊಂಡಿರುವಾಗ ಆ ಸೊಳ್ಳೆ ಬಾಟಲಿ ಮಗುವಿಗಿಂತ ಕೆಳಗೇ ಇರುತ್ತದೆ.

ಮನೆ ಚಿಕ್ಕದು, ಎಲ್ಲಿಡುವುದು ಎನ್ನುವುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು. ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಐದು ಜನ ಇರುವವರು ಹೀಗೆ ಕೇಳಿದರೆ ಅದನ್ನು ನೆಪವೆಂದು ತಳ್ಳಬಾರದು. ಆದರೆ ನಮ್ಮ ಬಡಾವಣೆಗಳ ಹಳೆಯ ಮನೆಗಳಿಗೂ ಒಂದು ಸಿದ್ಧ ಸೌಕರ್ಯವಿದೆ. ಅಡುಗೆಮನೆಯಲ್ಲೋ ಬಚ್ಚಲಲ್ಲೋ ಕಾಂಕ್ರೀಟಿನ ಸಜ್ಜೆಯೊಂದು ಇರುತ್ತದೆ, ಹಳೆಯ ಪಾತ್ರೆ ಹಬ್ಬದ ಸಾಮಾನು ತುಂಬಿಕೊಂಡು. ಅದರ ಒಂದು ಮೂಲೆ ಖಾಲಿ ಮಾಡಿದರೆ ಸಾಕು. ಬಚ್ಚಲ ಬಾಗಿಲಿಗೆ ಹೊರಗಡೆ, ದೊಡ್ಡವರ ತಲೆಯ ಎತ್ತರಕ್ಕೆ ಒಂದು ಚಿಲಕ ಜಡಿಸುವುದು ಯಾವ ಬಡಗಿಗೂ ಹತ್ತು ನಿಮಿಷದ ಕೆಲಸ. ಮಗು ನೀರಿನ ಬಕೆಟ್ಟಿಗೆ ಬೀಳುವ ಅಪಾಯವೂ ಅದರಿಂದ ತಪ್ಪುತ್ತದೆ. ಸಜ್ಜೆಯೂ ಇಲ್ಲದಿದ್ದರೆ ಸುತ್ತ ಹತ್ತಲು ಕುರ್ಚಿ, ಟ್ರಂಕು ಇಲ್ಲದ ಗೋಡೆಯಲ್ಲಿ ಎತ್ತರಕ್ಕೆ ಒಂದು ಮೊಳೆ, ಅದಕ್ಕೊಂದು ಗಟ್ಟಿ ಚೀಲ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಕೊಳ್ಳದಿರುವುದು. ಐದು ಲೀಟರ್ ಕ್ಯಾನು ಅಗ್ಗವೆಂದು ತಂದಿಟ್ಟರೆ ಐದು ಲೀಟರಿನ ಅಪಾಯವೂ ಮನೆಯೊಳಗೆ ಬಂದಂತೆ. ಉಳಿದ ಆಸಿಡ್, ಬೇಸಾಯ ಬಿಟ್ಟ ಮೇಲೂ ಇಟ್ಟುಕೊಂಡ ಕೀಟನಾಶಕ, ತೀರಿಹೋದ ಹಿರಿಯರ ಔಷಧಿ, ಇವು ಯಾಕೆ ಮನೆಯಲ್ಲಿರಬೇಕು? ಗದರಿಸಿ ಎರಡು ಏಟು ಕೊಟ್ಟರೆ ಮಗು ಕಲಿಯುತ್ತದೆ ಎನ್ನುವವರಿಗೆ ನಾಲ್ಕು ವರ್ಷದ ಮಗುವಿನ ಮಟ್ಟಿಗೆ ಮುಟ್ಟಬಾರದೆಂದು ಹೇಳಿಕೊಡಬಹುದು ಎಂದು ಒಪ್ಪುತ್ತೇನೆ. ಒಂದೂವರೆ ವರ್ಷದ್ದಕ್ಕೆ ಅದು ನಿಲುಕುವ ಪಾಠವಲ್ಲ.

ಇಷ್ಟೆಲ್ಲ ಮಾಡಿದರೂ ಅವಘಡ ಆಗಬಹುದು. ಆಗ ಮನೆಯವರ ಕೈ ಮೊದಲು ಹೋಗುವುದು ಮಗುವಿನ ಗಂಟಲಿಗೆ ಬೆರಳು ಹಾಕಲು, ಇಲ್ಲವೇ ಉಪ್ಪು ನೀರು, ಹುಣಸೆ ನೀರು ಕುಡಿಸಲು. ದಯವಿಟ್ಟು ಮಾಡಬೇಡಿ. ಸೀಮೆಎಣ್ಣೆ, ಥಿನ್ನರ್ ವಾಂತಿಯಾಗಿ ಮೇಲೆ ಬರುವಾಗ ಮತ್ತೊಮ್ಮೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಆಸಿಡ್ ಇಳಿಯುವಾಗ ಸುಟ್ಟ ಅನ್ನನಾಳವನ್ನು ಏರುವಾಗ ಇನ್ನೊಮ್ಮೆ ಸುಡುತ್ತದೆ. ಕರ್ಪೂರ ನುಂಗಿದ ಮಗುವಿಗೆ ವಾಂತಿ ಮಾಡಿಸುತ್ತಿರುವಾಗಲೇ ಫಿಟ್ಸ್ ಬರಬಹುದು. ಗಟ್ಟಿ ಉಪ್ಪು ನೀರು ತಾನೇ ಪುಟ್ಟ ಮಗುವಿನ ಜೀವ ತೆಗೆದದ್ದುಂಟು. ಬಾಯೊಳಗೆ ಉಳಿದದ್ದನ್ನು ಬಟ್ಟೆಯಿಂದ ತೆಗೆದು ಒರೆಸಿ. ಕಣ್ಣಿಗೆ ಮೈಗೆ ಬಿದ್ದಿದ್ದರೆ ಹರಿಯುವ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆಯಿರಿ, ತೊಯ್ದ ಬಟ್ಟೆ ಬಿಚ್ಚಿಹಾಕಿ. ಮಗು ಮಂಪರಾಗಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಆ ಬಾಟಲಿಯನ್ನೋ ಮಾತ್ರೆಯ ಸ್ಟ್ರಿಪ್ಪನ್ನೋ ಕೈಯಲ್ಲಿ ಹಿಡಿದು, ಎಷ್ಟು ಹೊತ್ತಾಯಿತು, ಎಷ್ಟು ಹೋಗಿರಬಹುದು ಎಂದು ನೆನಪಿಟ್ಟುಕೊಂಡು ಹತ್ತಿರದ ತುರ್ತು ವಿಭಾಗವಿರುವ ಆಸ್ಪತ್ರೆಗೆ ಹೊರಡಿ. ಸಂಜೆಯ ಮೈಸೂರು ರಸ್ತೆಯಲ್ಲಿ ಕೆಂಗೇರಿಯಿಂದ ದೊಡ್ಡ ಆಸ್ಪತ್ರೆ ಹುಡುಕಿಕೊಂಡು ನಗರದೊಳಕ್ಕೆ ಬರುವುದರಲ್ಲಿ ಕಳೆಯುವ ಒಂದು ಗಂಟೆ ಮಗುವಿನದ್ದು. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಪೊಲೀಸ್ ಕೇಸಾಗುತ್ತದೆ ಎಂಬ ಭಯದಿಂದ ಎಷ್ಟೋ ಮನೆಯವರು ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಾರೆ, ಹೋದರೂ ಏನು ಕುಡಿಯಿತೆಂದು ಮುಚ್ಚಿಡುತ್ತಾರೆ. ವಿಷದ ಪ್ರಕರಣಗಳನ್ನು ಆಸ್ಪತ್ರೆ ದಾಖಲಿಸಿ ಪೊಲೀಸರಿಗೆ ತಿಳಿಸುವುದು ಪದ್ಧತಿ. ಅದು ನಿಮ್ಮ ಮೇಲಿನ ಆರೋಪವಲ್ಲ. ದಾಖಲೆಯ ನೆಪದಿಂದ ಚಿಕಿತ್ಸೆ ತಡಮಾಡುವಂತಿಲ್ಲ, ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿ ವೈದ್ಯರೂ ಮೊದಲು ಜೀವ ಉಳಿಸಬೇಕು ಎಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ವೈದ್ಯರ ಮುಂದೆ ನಿಜ ಹೇಳಿ. ಮಗುವಿನ ತಾಯಿಯನ್ನು ಆ ಹೊತ್ತಿನಲ್ಲಿ ಯಾರೂ ಪ್ರಶ್ನಿಸಬೇಡಿ, ಅವರಿಂದ ವೈದ್ಯರಿಗೆ ಬೇಕಾದ ವಿವರ ಸಿಗಬೇಕು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 1995ರಿಂದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವೊಂದು ಕೆಲಸ ಮಾಡುತ್ತಿದೆ. ಹಗಲು ರಾತ್ರಿ ಅಲ್ಲಿ ಕರೆ ಸ್ವೀಕರಿಸುತ್ತಾರೆ. ಯಾವ ವಸ್ತು, ಎಷ್ಟು, ಮಗುವಿನ ತೂಕವೆಷ್ಟು ಎಂದು ಕೇಳಿ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳುತ್ತಾರೆ. ವೈದ್ಯರೂ ಅವರಿಂದ ಸಲಹೆ ಪಡೆಯುತ್ತಾರೆ. ಕರೆಗೆ ದುಡ್ಡಿಲ್ಲ. ಕಾಗದ ಪೆನ್ನು ತೆಗೆದುಕೊಳ್ಳಿ, ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ, ಮನೆಗೆಲಸಕ್ಕೆ ಬರುವವರಿಗೂ ಅಜ್ಜಿ ತಾತನಿಗೂ ತೋರಿಸಿ: 1800 116 117. ಇನ್ನೊಮ್ಮೆ ಹೇಳುತ್ತೇನೆ: 1800 116 117.